ನೂರ ನಲವತ್ತರ ಗೆರೆ

ಮನರಂಜನಾ ಪಾರ್ಕು ಸಂಜೆ ಏಳಕ್ಕೆ ಮುಚ್ಚುತ್ತದೆ. ಮುಚ್ಚಿದ ಮೇಲೆ ಏಳೂವರೆಯಿಂದ ಹತ್ತೂವರೆಯವರೆಗೆ ಮುನ್ನೂರೇ ಜನರನ್ನು ಒಳಗೆ ಬಿಡುವ ಬೇರೆ ಟಿಕೆಟ್ ಇದೆ. ಅದರ ಬೆಲೆ ಹಗಲಿನದರ ಎರಡೂವರೆ ಪಟ್ಟು. ಗೇಣಕ್ಕ ಅಂಥವು ಮೂರು ಕೊಂಡು ಬಂದು ತಮ್ಮನ ಮುಂದೆ ಇಟ್ಟಳು.

"ಮೂರು ಗಂಟೆಗೆ ಇಷ್ಟಾ? ಹಗಲು ಹೋದ್ರೆ ಹತ್ತು ಗಂಟೆ ಸಿಗುತ್ತೆ," ಅಂದ ತಮ್ಮ.

"ಅದರಲ್ಲಿ ಎಂಟು ಗಂಟೆ ಕ್ಯೂ."

"ಆಯ್ತು, ನಮಗೆ ಕ್ಯೂ. ನಿನಗೇನು? ನಿನ್ನನ್ನ ಹೆಬ್ಬಾವಿಗೆ ಹತ್ತಿಸಲ್ವಲ್ಲ."

"ಅದಕ್ಕೇ ಹೋಗ್ತಿರೋದು," ಅಂದಳು ಗೇಣಕ್ಕ.

ಆಕೆ ದರ್ಜಿ. ವಯಸ್ಸು ಐವತ್ತನಾಲ್ಕು. ಶಾಲೆಗಳ ಸಮವಸ್ತ್ರ, ಆಸ್ಪತ್ರೆಗಳ ಬಿಳಿ ಕೋಟು ಹೊಲಿಯುವ ಅಂಗಡಿಯನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ನಡೆಸುತ್ತಿದ್ದಾಳೆ. ಆಳು ಗೇಣುದ್ದ ಎಂದು ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಗೇಣಕ್ಕ. ಅದಕ್ಕೆ ಆಕೆ ಎಂದೂ ಬೇಜಾರು ಮಾಡಿಕೊಂಡವಳಲ್ಲ. ಬೇಜಾರಾದದ್ದು ಮೂರು ವರ್ಷದ ಹಿಂದೆ, ಹೆಬ್ಬಾವಿನ ಬಾಗಿಲಲ್ಲಿ.

ಹೆಬ್ಬಾವು ಎಂದರೆ ಆ ಪಾರ್ಕಿನ ರೋಲರ್ ಕೋಸ್ಟರ್. ಹತ್ತುವ ಮೊದಲು ಗೋಡೆಗೆ ಹೊಡೆದ ಅಳತೆಯ ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲಬೇಕು. ನೆತ್ತಿ ನೂರ ನಲವತ್ತು ಸೆಂಟಿಮೀಟರಿನ ಕೆಂಪು ಗೆರೆ ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಆಚೆಗೆ. ಆ ದಿನ ಗೇಣಕ್ಕ ತಮ್ಮನ ಮಗಳ ಜೊತೆ ಎರಡು ಗಂಟೆ ಹತ್ತು ನಿಮಿಷ ಕ್ಯೂನಲ್ಲಿ ನಿಂತಿದ್ದಳು. ಹುಡುಗಿಗೆ ಆಗ ಹನ್ನೊಂದು ವರ್ಷ. ಉದ್ದಕ್ಕೆ ಬೆಳೆಯುತ್ತಿದ್ದ ಅವಳನ್ನು ಅತ್ತೆ ಜಿರಾಫೆ ಎಂದೇ ಕರೆಯುವುದು. ಜಿರಾಫೆ ಪಾಸಾದಳು. ಗೇಣಕ್ಕನ ನೆತ್ತಿ ಗೆರೆಗಿಂತ ಒಂದು ಸೆಂಟಿಮೀಟರ್ ಕೆಳಗೆ ನಿಂತಿತು.

"ಮಗು ಹೋಗಬಹುದು, ದೊಡ್ಡವರು ಹೊರಗೆ ಬನ್ನಿ," ಅಂದಿದ್ದ ಬಾಗಿಲಿನವನು. ಹಿಂದಿನವರೆಲ್ಲ ಗೊಳ್ಳೆಂದು ನಕ್ಕಿದ್ದರು. "ಮುಂದಿನ ವರ್ಷ ಬೆಳೆದು ಬನ್ನಿ ಅಮ್ಮಾ," ಎಂದು ಯಾರೋ ಹಿತವಚನವನ್ನೂ ಹೇಳಿದ್ದರು.

ಗೇಣಕ್ಕ ಮರುದಿನ ಅಂಗಡಿಯಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಇಸ್ತ್ರಿಯವನ ಕೈಯಲ್ಲಿ ಉಕ್ಕಿನ ಟೇಪು ಕೊಟ್ಟು ಅಳೆಸಿಕೊಂಡಳು. ನೂರ ನಲವತ್ತೊಂದೂವರೆ. ಅದರ ಮರುದಿನ ಗುಂಡಿ ಮಾರುವವಳ ಕೈಯಲ್ಲಿ ಅಳೆಸಿದಳು. ಅಷ್ಟೇ ಬಂತು. ಆಗ ಆಕೆ ಒಂದು ಮಾತು ಆಡಿಬಿಟ್ಟಳು: "ಅವರ ಬೋರ್ಡೇ ತಪ್ಪು."

ಆ ಮಾತು ಅವಳಿಗೇ ಉರುಳಾಯಿತು. ಅವತ್ತಿನಿಂದ ಮನೆಗೆ ಬಂದಾಗಲೆಲ್ಲ ತಮ್ಮ ಅದನ್ನೇ ಎತ್ತಿದ. "ಲಕ್ಷ ಜನ ಅಳೆಸಿಕೊಂಡ ಬೋರ್ಡು ತಪ್ಪಂತೆ, ನಮ್ಮಕ್ಕ ಒಬ್ಬಳೇ ಸರಿಯಂತೆ. ವಯಸ್ಸಾಯ್ತು, ಕುಗ್ಗಿದೀಯ, ಒಪ್ಕೋ." ಅವನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವನು. ಅಂಕಿ ಸಂಖ್ಯೆಯಲ್ಲಿ ತನ್ನ ಮಾತೇ ಕೊನೆ ಎಂದುಕೊಂಡವನು. ಕತೆ ಅವನ ಬಾಯಿಂದ ಬೀದಿಗೆ ಬಿತ್ತು. ಒಬ್ಬ ನರ್ಸು ಕೋಟಿನ ತೋಳು ಹಿಡಿದು ನೋಡುತ್ತ, "ಇದನ್ನ ಯಾವ ಟೇಪಲ್ಲಿ ಅಳೆದ್ರಿ? ನಿಮ್ಮ ಸ್ವಂತದ್ದರಲ್ಲಾ?" ಎಂದು ಕೇಳಿ ನಕ್ಕಳು. ತಮಾಷೆಗೇ ಕೇಳಿದ್ದು, ನಿಜ. ಆದರೆ ಅಳತೆಯೊಂದನ್ನೇ ನಂಬಿ ಇಪ್ಪತ್ತೊಂಬತ್ತು ವರ್ಷ ಅನ್ನ ತಿಂದವಳಿಗೆ ಆ ತಮಾಷೆ ಸೂಜಿಯ ಹಾಗೆ ನೆಟ್ಟಿತು. ಪಾರ್ಕಿಗೆ ಎರಡು ಪತ್ರ ಬರೆದಳು. ಎರಡಕ್ಕೂ ಒಂದೇ ಉತ್ತರ ಬಂತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.

ಬೋರ್ಡು ಎಲ್ಲಿ ತಪ್ಪಿದೆ ಎಂಬುದನ್ನೂ ಆಕೆ ಯೋಚಿಸಿಟ್ಟಿದ್ದಳು. ದರ್ಜಿಗಳ ಬಟ್ಟೆ ಟೇಪಿಗೆ ತುದಿಯಲ್ಲಿ ಹಿತ್ತಾಳೆಯ ತಗಡು ಇರುತ್ತದೆ. ಹಳತಾದ ಮೇಲೆ ಅದು ಕಿತ್ತು ಬರುತ್ತದೆ, ಜೊತೆಗೆ ಟೇಪಿನ ಮೊದಲ ಅರ್ಧ ಅಂಗುಲವೂ ಹೋಗುತ್ತದೆ. ಅದನ್ನು ಗಮನಿಸದೆ ಅಳೆಯುತ್ತ ಹೋದರೆ ಪ್ರತಿ ಅಂಗಿಯೂ ಅರ್ಧ ಅಂಗುಲ ಕೆಡುತ್ತದೆ. ಮಧ್ಯದ ಗೆರೆಗಳೆಲ್ಲ ಸರಿಯಾಗಿಯೇ ಕಾಣುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಗೇಣಕ್ಕ ಕಸುಬು ಕಲಿತ ಹೊಸದರಲ್ಲಿ ಹೀಗೆ ನಲವತ್ತು ಸಮವಸ್ತ್ರ ಕೆಡಿಸಿ ಬೈಸಿಕೊಂಡಿದ್ದಳು. ಈ ಬೋರ್ಡಿಗೂ ಬುಡದಲ್ಲೇ ಏನೋ ಆಗಿದೆ ಎಂದು ಅವಳ ಲೆಕ್ಕ. ಜಿರಾಫೆ ಅದೇ ಬೋರ್ಡಿನ ಪಕ್ಕ ತೆಗೆಸಿಕೊಂಡ ಫೋಟೋದಲ್ಲಿ ಅವಳ ಎತ್ತರ ನೂರ ನಲವತ್ತೆರಡೂವರೆ ಎಂದಿತ್ತು. ಅದೇ ತಿಂಗಳ ಶಾಲೆಯ ಆರೋಗ್ಯ ಚೀಟಿಯಲ್ಲಿ ನೂರ ನಲವತ್ತೈದು. "ಶಾಲೆಯವರು ಕಣ್ಣಂದಾಜಲ್ಲಿ ಬರೀತಾರೆ," ಎಂದು ತಮ್ಮ ಅದನ್ನೂ ತಳ್ಳಿಹಾಕಿದ್ದ.

ಹಗಲು ಹೋಗಿ ಹೇಳಬಹುದಿತ್ತು. ಆದರೆ ಹಿಂದೆ ಎಂಟುನೂರು ಜನ ಬಿಸಿಲಲ್ಲಿ ಬೇಯುತ್ತ ನಿಂತಿರುವಾಗ ಯಾವ ಬಾಗಿಲಿನವನು ಮಂಡಿಯೂರಿ ಗೋಡೆ ಅಳೆದಾನು? ಗೇಣಕ್ಕ ಎರಡೂವರೆ ಪಟ್ಟು ಕೊಟ್ಟದ್ದು ಆಟಕ್ಕಲ್ಲ. ಹೇಳಿದ್ದನ್ನು ಕೇಳುವಷ್ಟು ಪುರುಸೊತ್ತು ಇರುವ ಒಬ್ಬ ಮನುಷ್ಯನ ಐದು ನಿಮಿಷಕ್ಕೆ.

ಹೊರಡುವ ದಿನ ಮಧ್ಯಾಹ್ನ ಒಂದಕ್ಕೆ ತಮ್ಮ ಫೋನು ಮಾಡಿದ. ದನಿಯಲ್ಲಿ ಖುಷಿ ತುಳುಕುತ್ತಿತ್ತು.

"ಅಕ್ಕಾ, ನೀನು ಅಂಗಡೀಲಿ ಅಳೆಸಿಕೊಂಡಿದ್ದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ. ಬಾಗಿಲು ತೆಗೆದ ಕೂಡಲೇ."

"ಅಂದುಕೊಂಡೆ. ಮನುಷ್ಯ ಬೆಳಿಗ್ಗೆ ಉದ್ದ, ಸಂಜೆ ಗಿಡ್ಡ. ಬೆನ್ನೆಲುಬಿನ ಮಧ್ಯೆ ಮೆತ್ತೆ ಥರ ಇರುತ್ತಲ್ಲ, ದಿನವಿಡೀ ಅದು ಒತ್ತಿಹೋಗುತ್ತೆ. ಒಂದು ಸೆಂಟಿಮೀಟರ್, ಕೆಲವರಿಗೆ ಒಂದೂವರೆ. ನೀನು ಎರಡೂವರೆ ಪಟ್ಟು ದುಡ್ಡು ಕೊಟ್ಟು ಕೊಂಡಿರೋದು ದಿನದಲ್ಲಿ ನೀನು ಅತಿ ಗಿಡ್ಡ ಇರೋ ಹೊತ್ತನ್ನ."

ಗೇಣಕ್ಕ ಮನಸ್ಸಿನಲ್ಲೇ ಕಳೆದು ನೋಡಿದಳು. ನೂರ ನಲವತ್ತೊಂದೂವರೆಯಲ್ಲಿ ಒಂದೂವರೆ ಹೋದರೆ ಉಳಿಯುವುದು ಸರಿಯಾಗಿ ನೂರ ನಲವತ್ತು. ಕೂದಲೆಳೆ ಹೆಚ್ಚು ಹೋದರೆ, ಬೋರ್ಡು ತಪ್ಪೆಂದು ಸಾಬೀತಾದರೂ ತಾನು ಆಚೆಗೇ.

"ಮತ್ತೆ ಉದ್ದ ಆಗೋದು ಹೇಗೆ?" ಎಂದು ಕೇಳಿದಳು.

"ಮಲಗಿದ್ರೆ," ಅಂದ ತಮ್ಮ, ನಗು ತಡೆಯಲಾರದೆ.

ಅವನು ಫೋನು ಇಡುವ ಮೊದಲೇ ಗೇಣಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಕತ್ತರಿ, ಸೀಮೆಸುಣ್ಣ, ಪಟ್ಟಿಗಳನ್ನೆಲ್ಲ ಕೆಳಗಿಳಿಸಿದಳು. ಮೇಜು ಎರಡು ಮೀಟರ್ ಉದ್ದ, ಅವಳಿಗೆ ಧಾರಾಳವಾಯಿತು. ಹತ್ತಿ ಅಂಗಾತ ಮಲಗಿ, ಸೂರನ್ನು ನೋಡುತ್ತ, ಕೈಕಾಲು ಚಾಚಿದಳು. ಮೂರೂವರೆಗೆ ಶಾಲೆಯ ಗುಮಾಸ್ತ ಹನ್ನೆರಡು ಚಡ್ಡಿಗಳ ಅಳತೆ ಚೀಟಿ ಹಿಡಿದು ಬಂದವನು ಬಾಗಿಲಲ್ಲೇ ಗಕ್ಕನೆ ನಿಂತ.

"ಏನಾಯ್ತು? ಡಾಕ್ಟರನ್ನ ಕರೀಲಾ?"

"ಏನೂ ಆಗಿಲ್ಲ. ಉದ್ದ ಆಗ್ತಿದೀನಿ. ಚೀಟಿ ಅಲ್ಲಿಟ್ಟು ಹೋಗಿ."

ಗುಮಾಸ್ತ ಚೀಟಿ ಇಟ್ಟು, ಎರಡು ಹೆಜ್ಜೆ ಹಿಮ್ಮುಖವಾಗಿಯೇ ನಡೆದು ಹೋದ.

ಆರಕ್ಕೆ ತಮ್ಮ ಕಾರು ತಂದ. ಗೇಣಕ್ಕ ಹಿಂದಿನ ಸೀಟಿನಲ್ಲಿ ಮಲಗಿಯೇ ಪಯಣಿಸಿದಳು. ಜಿರಾಫೆಗೆ ಈಗ ಹದಿನಾಲ್ಕು. ಮುಂದಿನ ಸೀಟಿನಲ್ಲಿ ಮಂಡಿ ಮಡಚಿ ಕುಳಿತು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು.

"ಅತ್ತೆ, ಎಷ್ಟಾದ್ರಿ?"

"ಹಂಪು ಬಂದಾಗೆಲ್ಲ ಒಂದು ಮಿಲಿಮೀಟರ್ ಹೋಗ್ತಿದೆ. ನಿಮ್ಮಪ್ಪನಿಗೆ ಮೆಲ್ಲಗೆ ಓಡಿಸು ಅನ್ನು."

ತಮ್ಮ ಮುಂದಿನ ಹಂಪನ್ನು ಬೇಕೆಂದೇ ಜೋರಾಗಿ ಹಾರಿಸಿದ.

ಪಾರ್ಕಿನ ಒಳಗೆ ಕಾಲಿಟ್ಟ ತಮ್ಮ ಸುತ್ತ ಕಣ್ಣಾಡಿಸಿದ. ಹಗಲು ಭುಜಕ್ಕೆ ಭುಜ ತಾಗುವ ದಾರಿಯಲ್ಲಿ ಈಗ ಕಾರಂಜಿಯ ಸದ್ದು ಕೇಳಿಸುತ್ತಿತ್ತು. ಕ್ಯೂ ನಿಲ್ಲಲು ಹಾಕಿದ ಕಬ್ಬಿಣದ ಕಂಬಿಗಳ ನಡುವೆ ಒಂದು ನರಪಿಳ್ಳೆಯೂ ಇಲ್ಲ. ದೀಪಗಳೆಲ್ಲ ಉರಿಯುತ್ತಿದ್ದವು. ತಿರುಗುವ ಬಟ್ಟಲುಗಳಲ್ಲಿ ಒಂದೇ ಒಂದು ಕುಟುಂಬ ಕುಳಿತಿತ್ತು. "ಮೊದಲು ನೀರಿನ ಜಾರುಬಂಡೆ?" ಅಂದ ತಮ್ಮ. ಗೇಣಕ್ಕ ಅವನ ಮಾತು ಕಿವಿಗೇ ಹಾಕಿಕೊಳ್ಳದೆ ನೆಟ್ಟಗೆ ಹೆಬ್ಬಾವಿನ ಕಡೆ ನಡೆದಳು, ಬೆನ್ನನ್ನು ಕೋಲಿನ ಹಾಗೆ ನೆಟ್ಟಗಿಟ್ಟುಕೊಂಡು, ನೆಲ ನೋಯದ ಹಾಗೆ ಹೆಜ್ಜೆ ಹಾಕುತ್ತ.

ಬಾಗಿಲಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಯುವತಿ ಇದ್ದಳು. ಹೆಬ್ಬಾವನ್ನು ನಡೆಸುವವಳು ಅವಳೇ. ಗೇಣಕ್ಕ ಚಪ್ಪಲಿ ಬಿಟ್ಟು ಬೋರ್ಡಿಗೆ ಬೆನ್ನು ಕೊಟ್ಟಳು. ಯುವತಿ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿ, ಇನ್ನೊಮ್ಮೆ ನೋಡಿ, ತಲೆಯಾಡಿಸಿದಳು.

"ಕ್ಷಮಿಸಿ ಅಮ್ಮಾ. ಸರಿಯಾಗಿ ನೂರ ಮೂವತ್ತೆಂಟೂ ಇಲ್ಲ. ಎರಡು ಸೆಂಟಿಮೀಟರ್ ಕಡಿಮೆ."

ಕಳೆದ ಸಲಕ್ಕಿಂತ ಕಡಿಮೆ. ತಮ್ಮ ಕೆಮ್ಮಿದ. ಗೇಣಕ್ಕ ಚೀಲದಿಂದ ಉಕ್ಕಿನ ಟೇಪು ತೆಗೆದಳು.

"ನನ್ನನ್ನ ಬಿಡಿ. ಈ ಗೆರೆ ಅಳೀರಿ. ತುದಿ ನೆಲಕ್ಕಿಡಿ."

"ಗೆರೇನಾ?"

"ನಿಮಗೆ ಬೇರೆ ಕೆಲಸ ಇದ್ರೆ ಬೇಡ."

ಯುವತಿ ಹಿಂದೆ ನೋಡಿದಳು. ಕಂಬಿಗಳ ನಡುವೆ ಯಾರೂ ಇರಲಿಲ್ಲ. ಬಂಡಿ ಹೊರಡಲು ಇನ್ನೂ ನಾಲ್ಕು ಜನ ಬರಲಿ ಎಂದು ಅವಳೇ ಕಾಯುತ್ತಿದ್ದಳು. ಮಂಡಿಯೂರಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ, ಎಳೆದು, ಕೆಂಪು ಗೆರೆಯ ಹತ್ತಿರ ಕಣ್ಣು ತಂದಳು. ಟೇಪನ್ನು ಇನ್ನೊಮ್ಮೆ ಎಳೆದು ನೋಡಿದಳು.

"ನೂರ ನಲವತ್ತೆರಡೂವರೆ ತೋರಿಸ್ತಿದೆ."

"ಹೂಂ," ಅಂದಳು ಗೇಣಕ್ಕ.

"ನಿಮ್ಮ ಟೇಪು ಸರಿಯಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಗೇಣಕ್ಕನಿಗೆ ಆ ಪ್ರಶ್ನೆ ಹಿಡಿಸಿತು. "ಸರಿಯಿಲ್ಲ ಅಂತಲೇ ಇಟ್ಕೊಳ್ಳಿ. ನಿಮ್ಮದೇ ತರಿಸಿ."

ಯುವತಿ ವಾಕಿಟಾಕಿಯಲ್ಲಿ ಮೇಲ್ವಿಚಾರಕನನ್ನು ಕರೆದಳು. ಆರು ನಿಮಿಷಕ್ಕೆ ಬ್ಯಾಟರಿ ಗಾಡಿಯಲ್ಲಿ ಅವನು ಬಂದ. ದಪ್ಪ ಕನ್ನಡಕದ, ನಿಧಾನದ ಮನುಷ್ಯ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿರುವ, ವರ್ಷಕ್ಕೊಮ್ಮೆ ಅಳತೆ ಸರಿಯೆಂದು ಮುದ್ರೆ ಹಾಕಿಸುವ, ಎತ್ತರ ಅಳೆಯುವ ಕೋಲನ್ನು ಜೊತೆಗೇ ತಂದಿದ್ದ.

"ಹಗಲಾಗಿದ್ರೆ ಇಷ್ಟು ಬೇಗ ಬರ್ತಿದ್ರಾ?" ಎಂದು ಗೇಣಕ್ಕ ತಮ್ಮನಿಗೆ ಕೇಳಿಸುವ ಹಾಗೆ ವಿಚಾರಿಸಿದಳು.

"ಹಗಲು ಈ ಜನದ ಮಧ್ಯೆ ಗಾಡಿ ಓಡಿಸೋಕೇ ಆಗಲ್ಲ. ಆಫೀಸಲ್ಲೇ ಇರ್ತೀನಿ," ಅಂದ ಅವನು.

ಕೋಲು ನಿಲ್ಲಿಸಿ ಗೆರೆಯನ್ನು ಅಳೆದ. ನೂರ ನಲವತ್ತೆರಡೂವರೆ. ಅವನು ಆಶ್ಚರ್ಯ ತೋರಿಸಲಿಲ್ಲ. ಟಾರ್ಚು ಹಚ್ಚಿ ಬೋರ್ಡಿನ ಬುಡಕ್ಕೆ ಬೆಳಕು ಬಿಟ್ಟು ಕುಕ್ಕರಗಾಲಲ್ಲಿ ಕುಳಿತ. ನೆಲದ ಬಣ್ಣದಲ್ಲಿ ಆಯತಾಕಾರದ ಒಂದು ಗುರುತು ಇತ್ತು, ಅದರ ನಾಲ್ಕು ಮೂಲೆಯಲ್ಲಿ ಮಣ್ಣು ತುಂಬಿದ ನಾಲ್ಕು ಮೊಳೆತೂತು.

"ಇಲ್ಲೊಂದು ಹಲಗೆ ಇತ್ತು," ಅಂದ. "ನಿಲ್ಲೋಕೆ. ಒಂದಂಗುಲ ದಪ್ಪ. ಬೋರ್ಡು ಹೊಡೆದದ್ದು ಆ ಹಲಗೆ ಮೇಲಿನ ಲೆಕ್ಕಕ್ಕೆ. ನೀರು ಬಿದ್ದು ಹಲಗೆ ಕೊಳೀತು. ನಾಲ್ಕು ವರ್ಷದ ಹಿಂದೆ ಕಿತ್ತಿಸಿದ್ದು ನಾನೇ. ಬೋರ್ಡು ಇಳಿಸಬೇಕು ಅಂತ ಹೊಳೀಲೇ ಇಲ್ಲ."

"ನಾಲ್ಕು ವರ್ಷ ಯಾರೂ ಹೇಳಲಿಲ್ವಾ?" ಅಂದ ತಮ್ಮ.

"ಯಾರು ಹೇಳ್ತಾರೆ? ತಪ್ಪು ಕ್ಷೇಮದ ಕಡೆಗೇ ಆಗಿದೆ. ಗಿಡ್ಡ ಇರೋರನ್ನ ಒಳಗೆ ಬಿಟ್ಟಿದ್ರೆ ಗಲಾಟೆ ಆಗ್ತಿತ್ತು. ಇಲ್ಲಿ ಆಚೆ ಹೋದವರೆಲ್ಲ ಮಕ್ಕಳು. ಅತ್ತು ಸುಮ್ಮನಾಗ್ತಾರೆ, ಮುಂದಿನ ವರ್ಷ ಬೆಳೆದು ಬರ್ತಾರೆ."

ಐವತ್ತನಾಲ್ಕರವಳಿಗೆ ಆ ಮುಂದಿನ ವರ್ಷ ಇರಲಿಲ್ಲ. ಆ ಬೋರ್ಡಿನ ತಪ್ಪು ಬೆಳೆದು ಮುಗಿದವರಿಗೆ ಮಾತ್ರ ಕಾಣುವಂಥದು.

"ಹಾಗಾದ್ರೆ ಅಕ್ಕ ಹೇಳಿದ್ದೇ ಸರಿ," ಅಂದಳು ಜಿರಾಫೆ, ಅಪ್ಪನ ಕಡೆ ತಿರುಗಿ. ಅಪ್ಪ ಕರೆಯುವ ಹಾಗೇ, ಬೇಕೆಂದೇ ಅಕ್ಕ ಎಂದಿದ್ದಳು. ತಮ್ಮ ಮೋಡ ಹುಡುಕುವವನ ಹಾಗೆ ಮೇಲೆ ನೋಡಿದ.

"ಬೋರ್ಡು ತಪ್ಪು ಅಂತ ಬರ್ಕೊಳ್ತೀನಿ," ಅಂದ ಮೇಲ್ವಿಚಾರಕ. "ಆದರೆ ನಿಯಮ ನಿಯಮವೇ. ನೂರ ನಲವತ್ತು ಇದ್ರೆ ಹತ್ತಬಹುದು. ಒಂದು ಕೂದಲು ಕಡಿಮೆ ಇದ್ರೂ ನಾನು ಬಿಡಲ್ಲ. ಆ ಭುಜದ ಪಟ್ಟಿ ಅಷ್ಟು ಎತ್ತರಕ್ಕೇ ಮಾಡಿದ್ದು. ಬನ್ನಿ, ನಿಲ್ಲಿ."

ಗೇಣಕ್ಕ ಕೋಲಿಗೆ ಬೆನ್ನು ಕೊಟ್ಟಳು. ಬೋರ್ಡಿನ ವಿಷಯದಲ್ಲಿ ಗೆದ್ದಾಗಿತ್ತು. ಆದರೆ ಇಲ್ಲಿ ಸೋತರೆ ತಮ್ಮನ ಬಾಯಿಗೆ ಹೊಸ ಕತೆ ಸಿಗುತ್ತದೆ: ಬೋರ್ಡೂ ತಪ್ಪು, ಅಕ್ಕನೂ ಗಿಡ್ಡ. ಹಿಮ್ಮಡಿ ಕೋಲಿಗೆ, ಬೆನ್ನು ಕೋಲಿಗೆ, ಗಲ್ಲ ನೆಲಕ್ಕೆ ಸಮ. ಬೇರೆಯವರಿಗೆ ದಿನವೂ ಹೇಳುವ ಮಾತನ್ನು ತನಗೇ ಹೇಳಿಕೊಂಡಳು: ಉಸಿರು ಬಿಗಿಹಿಡಿಯಬೇಡಿ, ಸಹಜವಾಗಿ ನಿಲ್ಲಿ. ಮೇಲ್ವಿಚಾರಕ ಅಡ್ಡಪಟ್ಟಿ ಇಳಿಸಿದ. ಅದು ನೆತ್ತಿಗೆ ತಣ್ಣಗೆ ತಾಗಿತು. ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಇಷ್ಟು ನಿಧಾನವಾದ್ರೆ ನಾನು ಇಲ್ಲೇ ಕುಗ್ತೀನಿ," ಅಂದಳು ಗೇಣಕ್ಕ.

"ನೂರ ನಲವತ್ತು ಪಾಯಿಂಟ್ ನಾಲ್ಕು," ಅಂದ ಅವನು.

ನಾಲ್ಕು ಮಿಲಿಮೀಟರ್. ಮೇಜಿನ ಮೇಲೆ ಮಲಗಿದ್ದ ನಾಲ್ಕೂಮುಕ್ಕಾಲು ಗಂಟೆಯದೇ ಇರಬಹುದು. ಜಿರಾಫೆ ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಮೇಲ್ವಿಚಾರಕ ಪುಸ್ತಕದಲ್ಲಿ ಸಮಯ, ಅಳತೆ, ಕಾರಣ ಬರೆದು ಗೇಣಕ್ಕನ ಸಹಿ ಹಾಕಿಸಿಕೊಂಡ. ಬೋರ್ಡಿನ ಮೇಲೆ ಗೋಣಿಬಟ್ಟೆ ಹೊದಿಸಿ, ಕೋಲನ್ನೇ ಅಲ್ಲಿ ನಿಲ್ಲಿಸಿದ.

ಮೊದಲ ಸಾಲಿನಲ್ಲಿ ಗೇಣಕ್ಕ, ಪಕ್ಕದಲ್ಲಿ ಜಿರಾಫೆ, ಹಿಂದೆ ತಮ್ಮ. ಭುಜದ ಪಟ್ಟಿ ಇಳಿದು ಸರಿಯಾಗಿ ಕೂತಿತು. ದರ್ಜಿಯ ಕಣ್ಣು ಅದನ್ನು ನೋಡದೆ ಬಿಡಲಿಲ್ಲ: ಹೆಗಲಿಗೆ ಹೊಲಿಗೆ ಎಲ್ಲಿ ಕೂರಬೇಕೋ ಅಲ್ಲೇ. ಬಂಡಿ ಕಟಕಟ ಎನ್ನುತ್ತ ಏರಿತು. ಊರಿನ ದೀಪಗಳು ಒಂದೊಂದೇ ಸಾಲಾಗಿ ಕೆಳಗೆ ಬಿಚ್ಚಿಕೊಂಡವು. ಇಷ್ಟು ಎತ್ತರದಿಂದ ಆಕೆ ಊರನ್ನು ನೋಡಿದ್ದಿಲ್ಲ. ಜಗತ್ತನ್ನು ಹೆಚ್ಚಾಗಿ ಬೇರೆಯವರ ಭುಜದ ಸಂದಿಯಿಂದಲೇ ನೋಡಿ ಅಭ್ಯಾಸ. ತುದಿಯಲ್ಲಿ ಬಂಡಿ ಒಂದು ಕ್ಷಣ ಯೋಚಿಸಿತು. ಆಮೇಲೆ ಹೊಟ್ಟೆ ಮೇಲೆಯೇ ಉಳಿಯಿತು, ಮೈ ಕೆಳಗೆ ಹೋಯಿತು. ಜಿರಾಫೆ ಕಿರುಚಿದಳು. ತಮ್ಮ ಯಾರನ್ನೋ ಕರೆದ. ಗೇಣಕ್ಕ ಕಣ್ಣು ಮುಚ್ಚಲಿಲ್ಲ. ಎರಡೂವರೆ ಪಟ್ಟು ಕೊಟ್ಟು ಕಣ್ಣು ಮುಚ್ಚುವುದೇ?

ಎರಡನೆಯ ಸುತ್ತಿಗೆ ತಮ್ಮನ ಮುಖ ಬಿಳುಚಿತು. ಮೂರನೆಯದಕ್ಕೆ ಅವನು ಇಳಿದು, ಗೋಡೆ ಹಿಡಿದುಕೊಂಡು ಬಾಗಿಲ ಪಕ್ಕದ ಬೆಂಚಿಗೆ ಹೋದ. ಅಲ್ಲಿ ಏಳೆಂಟು ಚೀಲಗಳನ್ನು, ನಾಲ್ಕು ಜೊತೆ ಚಪ್ಪಲಿಯನ್ನು ಸುತ್ತ ಇಟ್ಟುಕೊಂಡು ಪುಟ್ಟ ಹೆಂಗಸೊಬ್ಬಳು ಕುಳಿತಿದ್ದಳು. ಅವಳ ಮನೆಯವರೆಲ್ಲ ಜಾರುಬಂಡೆಗೆ ಹೋಗಿದ್ದರು. ಅವಳು ಅವನನ್ನು ನೋಡಲಿಲ್ಲ. ಗೋಣಿಬಟ್ಟೆ ಹೊದ್ದ ಬೋರ್ಡನ್ನೇ ನೋಡುತ್ತಿದ್ದಳು.

"ನನ್ನನ್ನೂ ಹೋದ ವರ್ಷ ಇಲ್ಲಿ ಬಿಡಲಿಲ್ಲ," ಅಂದಳು.

ಬಂಡಿ ಬಂದು ನಿಂತಿತ್ತು. ಗೇಣಕ್ಕ ಕುಳಿತಲ್ಲಿಂದಲೇ ಅವಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. ಎದುರಿಗಿರುವವರು ಯಾರೇ ಆದರೂ ಇಪ್ಪತ್ತೊಂಬತ್ತು ವರ್ಷದಿಂದ ಹಾಗೆ ನೋಡಿಯೇ ಅಭ್ಯಾಸ.

"ನೂರ ನಲವತ್ತೊಂದು ಇದ್ದೀರಿ. ಎದ್ದು ಬನ್ನಿ."

"ಈ ಚೀಲಗಳು?"

"ನನ್ನ ತಮ್ಮ ಇದಾನಲ್ಲ. ಬೇರೆ ಏನೂ ಕೆಲಸ ಇಲ್ಲ ಅವನಿಗೆ."

ಯುವತಿ ಆ ಹೆಂಗಸನ್ನು ಕೋಲಿಗೆ ನಿಲ್ಲಿಸಿದಳು. ನೂರ ನಲವತ್ತೊಂದು ಪಾಯಿಂಟ್ ಒಂದು. ತಮ್ಮನ ಎರಡೂ ತೊಡೆಯ ಮೇಲೆ ಒಂದೊಂದು ಚೀಲ ಬಂತು, ಕಾಲಬುಡದಲ್ಲಿ ಚಪ್ಪಲಿಗಳು ಸಾಲಾದವು.

"ಅಕ್ಕಾ," ಅಂದ ಅವನು, ತೀರ ಸಣ್ಣ ದನಿಯಲ್ಲಿ. "ಬೋರ್ಡಿನ ವಿಷಯ, ನೀನು ಹೇಳಿದ್ದು ಸರಿ."

"ಕೇಳಿಸಲಿಲ್ಲ."

"ಸರಿ ಅಂದೆ."

"ನಾಳೆ ಬೀದಿಯಲ್ಲಿ ಇಷ್ಟೇ ಸ್ಪಷ್ಟವಾಗಿ ಹೇಳು. ಮೊದಲು ಆ ನರ್ಸಿಗೆ."

ಆಮೇಲೆ ಅವರು ಎಷ್ಟು ಸುತ್ತು ಹೋದರು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಜಿರಾಫೆ ಹನ್ನೊಂದು ಎನ್ನುತ್ತಾಳೆ. ಬೆಂಚಿನಲ್ಲಿ ಕುಳಿತಿದ್ದವನಿಗೆ ಮೂವತ್ತು ಎನಿಸಿತ್ತು. ಯುವತಿ ಯಂತ್ರದ ಮೀಟರು ನೋಡಿ ಒಂಬತ್ತು ಎಂದಳು. ಅದನ್ನೇ ನಂಬಬಹುದು. ಕೊನೆಯ ಕೆಲವು ಸುತ್ತುಗಳಿಗೆ ಆ ಪುಟ್ಟ ಹೆಂಗಸಿನ ಮನೆಯವರೂ ಬಂದು ಹಿಂದೆ ತುಂಬಿಕೊಂಡರು. ಚೀಲಗಳನ್ನು ಯಾರು ಕಾಯುತ್ತಿದ್ದಾರೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಹತ್ತೂಕಾಲಿಗೆ ಬಂಡಿ ಮತ್ತೆ ಬಂದು ನಿಂತಾಗ ಕಂಬಿಗಳ ನಡುವೆ ಯಾರೂ ಕಾಯುತ್ತಿರಲಿಲ್ಲ. ಯುವತಿ ಸೀಟಿಯನ್ನು ತುಟಿಗೆ ತಂದು, ಇಳಿಸಿ, ಮೊದಲ ಸಾಲಿನ ಹತ್ತಿರ ಬಂದಳು.

"ಇಳೀತೀರಾ ಅಮ್ಮಾ, ಇನ್ನೊಂದು ಸುತ್ತಾ?"

ಗೇಣಕ್ಕ ಪಕ್ಕಕ್ಕೆ ನೋಡಿದಳು. ಈ ಸಲ ಅಲ್ಲಿ ಕುಳಿತಿದ್ದವಳು ಆ ಪುಟ್ಟ ಹೆಂಗಸು. ಕೂದಲು ಪೂರ್ತಿ ಬಿಚ್ಚಿಹೋಗಿತ್ತು, ಎರಡೂ ಕೈ ಆಗಲೇ ಮೇಲಿದ್ದವು.

"ಪಟ್ಟಿ ಎತ್ತಬೇಡಿ," ಅಂದಳು ಗೇಣಕ್ಕ. "ನಾವು ಇಲ್ಲೇ ಇರ್ತೀವಿ."

ಬಂಡಿ ಕಟಕಟ ಎನ್ನುತ್ತ ಹೊರಟಿತು.